ಕಾಳಿಯ ಕಲ್ಲಿನ ಪಡಿಯಚ್ಚು ಆತಗೂರಿಗೆ ಬರಲಿ: ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಮ್ಮ ಜಿಲ್ಲೆಯ ಕಲ್ಲೊಂದಿದೆ. ಅದು ಮದ್ದೂರು ತಾಲ್ಲೂಕಿನ ಆತಗೂರಿನದು. ಇತಿಹಾಸದ ಪುಸ್ತಕಗಳು ಅದನ್ನು ಆತಕೂರು ಶಾಸನ ಎಂದು ಕರೆಯುತ್ತವೆ. ಕಲ್ಲಿನ ಮೇಲೆ ನಾಯಿಯೊಂದು ದೊಡ್ಡ ಕಾಡುಹಂದಿಯೊಡನೆ ಸೆಣಸುತ್ತಿದೆ, ಸುತ್ತ ಹಳಗನ್ನಡದ ಸಾಲುಗಳಿವೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದ ದಿನಗಳಲ್ಲಿ ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲರೂ ಮುಂದಿನ ಕೋಣೆಗೆ ಹೋದ ಮೇಲೂ ಒಬ್ಬಳು ಹುಡುಗಿ ಆ ನಾಯಿಯ ಮುಂದೆಯೇ ನಿಂತಿದ್ದಳು. "ಸಾರ್, ಇದು ನಮ್ಮ ಕಡೆಯದೇ?" ಎಂದು ಕೇಳಿದಳು. ಹೌದಮ್ಮ ಎಂದೆ. ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಈ ಪತ್ರಕ್ಕೆ ಅದೇ ಕಾರಣ.

ನಾಯಿಯ ಹೆಸರು ಕಾಳಿ. ಅದರ ಕಥೆ ಶುರುವಾಗುವುದು ಆತಗೂರಿನಲ್ಲಲ್ಲ, ಇಂದಿನ ತಮಿಳುನಾಡಿನ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ. 949ರಲ್ಲಿ ಅಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಕುಮಾರ ರಾಜಾದಿತ್ಯನಿಗೂ ಯುದ್ಧವಾಯಿತು. ನಮ್ಮ ಸೀಮೆಯನ್ನು ಆಳುತ್ತಿದ್ದ ಗಂಗರ ಬೂತುಗ ಕೃಷ್ಣನ ಸಹೋದರಿ ರೇವಕನಿಮ್ಮಡಿಯ ಗಂಡ. ಕೃಷ್ಣನ ಪರವಾಗಿ ಹೋದ ಅವನು ಆನೆಯ ಮೇಲಿದ್ದ ರಾಜಾದಿತ್ಯನನ್ನು ಕೊಂದ. ಈಗ ನೆದರ್‌ಲೆಂಡ್ಸಿನ ಲೈಡನ್ ನಗರದಲ್ಲಿರುವುದರಿಂದ ಲೈಡನ್ ತಾಮ್ರಪಟಗಳೆಂದು ಹೆಸರಾದ ಚೋಳರ ಶಾಸನಗಳೂ ರಾಜಾದಿತ್ಯ ಆನೆಯ ಮೇಲೆಯೇ ಮಡಿದ ಎನ್ನುತ್ತವೆ. ತಮಿಳರು ಅವನನ್ನು 'ಆನೆಯ ಮೇಲೆ ನಿದ್ರಿಸಿದ ದೇವರು' ಎಂದು ನೆನೆದರು. ಕೇರಳದಿಂದ ಬಂದು ಅವನ ಗೆಳೆಯನಾಗಿದ್ದ ವಲ್ಲಭ ಎಂಬವನು, ಒಡೆಯನ ಜೊತೆ ಸಾಯಲಾಗಲಿಲ್ಲವೆಂಬ ಕೊರಗಿನಲ್ಲಿ ತಿರುವೊಟ್ಟಿಯೂರಿನಲ್ಲಿ ಸನ್ಯಾಸಿಯಾದ. ಗೆದ್ದವರ ಕಡೆಯ ಮಾತನ್ನಷ್ಟೇ ಹೇಳಿ ನಿಲ್ಲಿಸಲು ನನಗೆ ಮನಸ್ಸಾಗುವುದಿಲ್ಲ.

ಆ ಕಾಳಗದಲ್ಲಿ ಬೂತುಗನ ಭಟ ಮಣಲೆರನೂ ಮುನ್ನುಗ್ಗಿ ಹೊಡೆದಾಡಿದ. ಮೆಚ್ಚಿದ ಬೂತುಗ, ಬೇಕಾದ್ದನ್ನು ಬೇಡಿಕೋ ಎಂದ. ಮಣಲೆರ ಊರನ್ನು ಕೇಳಬಹುದಿತ್ತು, ಹೊನ್ನನ್ನು ಕೇಳಬಹುದಿತ್ತು. ಅವನು ಕಾಳಿಯನ್ನು ಕೇಳಿ ಪಡೆದ. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಲ ಮೊರಡಿಯಲ್ಲಿ, ಅಂದರೆ ಪಶ್ಚಿಮದ ದಿಣ್ಣೆಯಲ್ಲಿ, ಅದನ್ನು ಹಿರಿಯ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಾಳಿಗೆ ಕಲ್ಲು ನೆಟ್ಟರು. ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ದೇಗುಲದ ಶೈವ ಪೂಜಾರಿಗೆ) ಪಾಪ ತಟ್ಟುತ್ತದೆ ಎಂದೂ ಬರೆಸಿದರು.

ಎರಡು ಸಾಮ್ರಾಜ್ಯಗಳು ಮುಖಾಮುಖಿಯಾದ ಯುದ್ಧ ಇಷ್ಟು ವಿವರವಾಗಿ ಕನ್ನಡದಲ್ಲಿ ಉಳಿದದ್ದು ನಾಯಿಯನ್ನು ಕಳೆದುಕೊಂಡ ಒಬ್ಬ ಭಟನ ಸಂಕಟದಿಂದ, ಸಚಿವರೇ. ಕಾಳಿ ಸಾಯದಿದ್ದರೆ ಈ ಕಲ್ಲೂ ಇರುತ್ತಿರಲಿಲ್ಲ.

ಇದನ್ನು ಹಳೆಯ ಕಥೆ ಎಂದು ಬದಿಗಿಡುವಂತಿಲ್ಲ. ಕೃಷ್ಣ ಬೂತುಗನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಕೊಟ್ಟನೆಂದು ಇದೇ ಕಲ್ಲು ಹೇಳುತ್ತದೆ. ಪುರಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಯುದ್ಧಕ್ಕೆ ಎಂಟು ವರ್ಷ ಮೊದಲು, 941ರಲ್ಲಿ, ಪಂಪ ಹೆಮ್ಮೆಯಿಂದ ಹೇಳಿಕೊಂಡ ತಿರುಳುಗನ್ನಡದ, ಅಂದರೆ ಅಚ್ಚ ಕನ್ನಡದ, ನೆಲ ಅದು. ಕಾವೇರಿ ತೀರದ ಗಂಗರು ಆ ನೆಲವನ್ನು ಆಳಿದ್ದಕ್ಕೆ ತಕ್ಕೋಲದ ನಂಟಿದೆ. ಧಾರವಾಡ ಸೀಮೆಯ ಹೆಬ್ಬಾಳದ ಶಾಸನವೊಂದು ಈ ನಾಡುಗಳಲ್ಲಿ ಬನವಾಸಿಯನ್ನು ಬಿಟ್ಟು ಉಳಿದವು ರೇವಕನಿಮ್ಮಡಿಯ ಮದುವೆಯ ಬಳುವಳಿ ಎನ್ನುತ್ತದೆ. ಶಾಸನಗಳನ್ನು ಒಂದರ ಪಕ್ಕ ಒಂದಿಟ್ಟು ಓದುವುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಕಥೆ ತಿರುಗುಬಾಣವೂ ಆಯಿತು. ತಕ್ಕೋಲದ ಪೆಟ್ಟಿನಿಂದ ಚೇತರಿಸಿಕೊಂಡ ಚೋಳರು ಸುಮಾರು 1004ರಲ್ಲಿ ಗಂಗರ ತಲಕಾಡನ್ನೇ ಹಿಡಿದರು. 1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಮರಳಿ ಗೆಲ್ಲುವವರೆಗೆ ತಲಕಾಡು ಚೋಳರ ಕೈಯಲ್ಲೇ ಇತ್ತು. ಹೊಯ್ಸಳ ಅರಸರು 'ತಲಕಾಡುಗೊಂಡ' ಎಂಬ ಬಿರುದನ್ನು ಅಷ್ಟು ಅಭಿಮಾನದಿಂದ ಏಕೆ ಹೊತ್ತರು ಎಂಬುದು ತಕ್ಕೋಲವನ್ನು ಬಲ್ಲವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೂಲ ಕಲ್ಲನ್ನು ವಾಪಸ್ ತನ್ನಿ ಎಂದು ನಾನು ಕೇಳುತ್ತಿಲ್ಲ. ಬಿಸಿಲು ಮಳೆ ತಾಗದೆ ಅದು ಅಲ್ಲಿಯೇ ಸುರಕ್ಷಿತವಾಗಿರಲಿ. ಅದೇ ಅಳತೆಯ, ಅದೇ ಅಕ್ಷರಗಳ ಪಡಿಯಚ್ಚನ್ನು ಗಟ್ಟಿ ಕಲ್ಲಿನಲ್ಲಿ ಕಡೆಸಿ ಆತಗೂರಿನಲ್ಲಿ, ಶಾಲೆಯ ಮಕ್ಕಳು ದಿನವೂ ನಡೆದುಹೋಗುವ ಕಡೆ ನಿಲ್ಲಿಸಿಕೊಡಿ. ಪ್ಲಾಸ್ಟರಿನ ಬೊಂಬೆ ಬೇಡ, ಎರಡು ಮಳೆಗಾಲಕ್ಕೆ ಕರಗುವಂಥದ್ದು ಬೇಡವೇ ಬೇಡ. ಪಕ್ಕದಲ್ಲಿ ಶಾಸನದ ಪೂರ್ತಿ ಪಾಠವೂ ಇಂದಿನ ಕನ್ನಡದಲ್ಲಿ ಅದರ ಅರ್ಥವೂ ಇರಲಿ, ಪಾಠವನ್ನು ಶಾಸನ ಬಲ್ಲವರಿಂದಲೇ ತಿದ್ದಿಸಿ. ರಾಜಾದಿತ್ಯನ ಹೆಸರನ್ನೂ ಗೌರವದಿಂದ ಬರೆಸಿ. ಉದ್ಘಾಟನೆಯ ಫಲಕ ಶಾಸನಕ್ಕಿಂತ ದೊಡ್ಡದಾಗದಿರಲಿ ಎಂದೂ ಕೈಮುಗಿದು ಕೇಳುತ್ತೇನೆ.

ಜಿಲ್ಲೆಯ ಮುಂದಿನ ಪ್ರಗತಿ ಪರಿಶೀಲನಾ ಸಭೆಯಲ್ಲಿ ಐದು ನಿಮಿಷ ಈ ಮಾತಿಗೆ ಎತ್ತಿಡಿ. ಕೆಲಸ ನವೆಂಬರ್ ಒಂದರೊಳಗೆ ಮುಗಿದರೆ, ಆ ವರ್ಷದ ರಾಜ್ಯೋತ್ಸವದ ದಿನ ಕಾಳಿಯ ಕಲ್ಲನ್ನು ಊರಿನ ಮಕ್ಕಳಿಗೆ ಓದಿ ಹೇಳಲು ನಾನೇ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ
ಮದ್ದೂರು ತಾಲ್ಲೂಕು