ಆರ್‌ಎಕ್ಸ್ ಕಲಿಸಿದ್ದು, ಬುಲೆಟ್ ಕಲಿಸಿದ್ದು

ದಾವಣಗೆರೆ

ಪ್ರಿಯ ಗೆಳೆಯಾ,

ಪುಣೆಯಿಂದ ನೀನು ಕಳಿಸಿದ ಫೋಟೊ ನೋಡಿದೆ. ಕಿತ್ತಳೆ ಬಣ್ಣದ ಡ್ಯೂಕ್ 390 ಬೈಕು, ಹೊಸ ಟಯರು, ಹೊಸ ಹೆಲ್ಮೆಟ್ಟು. ಜೊತೆಗೊಂದು ಕೊಂಕು ಬೇರೆ: ‘ನಿನ್ನ ಬುಲೆಟ್ಟನ್ನು ಇನ್ನೂ ಗುಜರಿಗೆ ಹಾಕಿಲ್ಲವೇ?’ ಹಾಕಿಲ್ಲ. ಹಾಕುವುದೂ ಇಲ್ಲ. ಮೊಬೈಲಿನಲ್ಲಿ ಎರಡು ಸಾಲಿನ ಉತ್ತರ ಕೊಟ್ಟರೆ ನೀನು ನಕ್ಕು ಮಾತು ಹಾರಿಸುತ್ತೀಯ, ಅದಕ್ಕೇ ಈ ಪತ್ರ. ನಮ್ಮ ಹಳೆಯ ಗುಂಪಿನವರೂ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ಪಂಚಾಯಿತಿ ಅವರೇ ಮಾಡಲಿ.

ಪಿಕಪ್ಪು, ಮೈಲೇಜು, ಸೈಲೆನ್ಸರಿನ ಸದ್ದು ಎಂದು ನಾವು ಕಾಲೇಜಿನ ಕಾಲದಿಂದ ಕಚ್ಚಾಡಿದ್ದೇವೆ. ಈಗೀಗ ನನಗೆ ಒಂದು ಮಾತು ಖಚಿತವಾಗಿದೆ: ಮೊದಲು ಕಲಿತ ಗಾಡಿ ಕೈಕಾಲಿಗೆ ಹತ್ತಿಸಿದ ಅಭ್ಯಾಸ, ಆಮೇಲೆ ಎಂಥ ಗಾಡಿ ಹತ್ತಿದರೂ ಬಿಡುವುದಿಲ್ಲ. ನೀನು ಇವತ್ತಿಗೂ ಓಡಿಸುತ್ತಿರುವುದು ಮೊದಲು ಕಲಿತ ಆ ಯಮಹಾ ಆರ್‌ಎಕ್ಸ್ 100. ಕೂತಿರುವುದು ಮಾತ್ರ ಡ್ಯೂಕಿನ ಮೇಲೆ.

ಸಿಟ್ಟಾಗಬೇಡ, ಕೇಳು. ನಿಮ್ಮ ಅಣ್ಣನ ಆ ಗಾಡಿ 98 ಸಿಸಿಯ ಟೂ ಸ್ಟ್ರೋಕ್, ಅಂದರೆ ಪಿಸ್ಟನ್ನಿನ ಎರಡೇ ಓಟಕ್ಕೆ ಒಮ್ಮೆ ಉರಿಯುವ ಇಂಜಿನ್. 11 ಅಶ್ವಶಕ್ತಿ, ತೂಕ ನೂರು ಕಿಲೋದ ಆಸುಪಾಸು. ಇಂಜಿನ್ ಸುತ್ತು ಏರುವ ತನಕ ತಣ್ಣಗಿದ್ದು, ಏರಿದ ಮೇಲೆ ಒಮ್ಮೆಲೇ ಎಳೆದುಕೊಂಡು ಹೋಗುತ್ತಿತ್ತು. ಆ ಎಳೆತ ಕೈತಪ್ಪಬಾರದೆಂದರೆ ಆಕ್ಸಿಲರೇಟರ್ ಬಿಡುವಂತಿಲ್ಲ. ಇನ್ನೊಂದು ಗುಣವೂ ಇತ್ತು. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಟೂ ಸ್ಟ್ರೋಕ್ ಇಂಜಿನ್ ಗಾಡಿಯನ್ನು ಅಷ್ಟಾಗಿ ಹಿಡಿದು ನಿಲ್ಲಿಸುವುದಿಲ್ಲ. ಬಿಟ್ಟು ಬಿಟ್ಟು ಸದ್ದು ಮಾಡುತ್ತಾ ಉರುಳುತ್ತಲೇ ಇರುತ್ತದೆ. ನಿಲ್ಲಿಸುವ ಹೊಣೆಯೆಲ್ಲ ಬ್ರೇಕಿನದು. ಹೀಗೆ ಕೊನೆಯ ಗಳಿಗೆಯವರೆಗೆ ಎಳೆದು, ಆಮೇಲೆ ಬ್ರೇಕ್ ಒತ್ತುವುದು ನಿನಗೆ ರಕ್ತಗತವಾಯಿತು.

ನಾನು ಕಲಿತದ್ದು ಅಪ್ಪನ ಬುಲೆಟ್ 350ರಲ್ಲಿ. ಅದನ್ನು ಚಾಲೂ ಮಾಡುವುದೇ ಒಂದು ಪಾಠ. ಕಿಕ್ಕರನ್ನು ಕಾಲಿನಿಂದ ನಿಧಾನವಾಗಿ ಕೆಳಗಿಳಿಸುತ್ತಾ ಹೆಡ್‌ಲೈಟಿನ ಮೇಲಿರುವ ಆಂಪಿಯರ್ ಮುಳ್ಳನ್ನು ನೋಡಬೇಕು. ಮುಳ್ಳು ನಡುವಿಗೆ ಬಂದಾಗ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರನ್ನು ಇನ್ನೊಂದಿಷ್ಟೇ ಒತ್ತಿ, ಲಿವರ್ ಬಿಟ್ಟು, ಮೇಲಿನಿಂದ ಒಂದೇ ಸಲ ಒದೆಯಬೇಕು. ಅವಸರ ಮಾಡಿದರೆ ಕಿಕ್ಕರ್ ಹಿಂದಕ್ಕೆ ಒದ್ದು ಮೀನಖಂಡಕ್ಕೆ ಲೆಕ್ಕ ಹೇಳುತ್ತದೆ. 346 ಸಿಸಿಯ ಒಂಟಿ ಪಿಸ್ಟನ್ನು, ಭಾರದ ಫ್ಲೈವೀಲು. ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ. ಆ ಕಾಲದ ಡ್ರಮ್ ಬ್ರೇಕಿಗೆ ಅಷ್ಟು ತೂಕವನ್ನು ತಟ್ಟನೆ ನಿಲ್ಲಿಸುವ ಶಕ್ತಿ ಇರಲಿಲ್ಲ. ಹಾಗಾಗಿ ದೂರ ನೋಡುವುದು, ಮೊದಲೇ ಕೈ ಸಡಿಲಿಸುವುದು, ಒಂದು ಗೇರ್ ಇಳಿಸಿ ತಿರುವಿಗೆ ಹೋಗುವುದು ನನಗೆ ಅಂಟಿಕೊಂಡಿತು. ಇದನ್ನು ನೀನು ‘ಅಜ್ಜನ ಡ್ರೈವಿಂಗ್’ ಎಂದು ಕರೆಯುತ್ತೀಯ.

ಅಜ್ಜನ ಡ್ರೈವಿಂಗಿಗೆ ಬೆಲೆ ಬರುವುದು ದೀಪಾವಳಿಯ ಹೊತ್ತಿಗೆ. ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿ, ನಿನಗೆ ಗೊತ್ತೇ ಇದೆ. ಕಣ ಇಲ್ಲದವರು ಸರ್ವಿಸ್ ರಸ್ತೆಯ ಅರ್ಧಕ್ಕೆ ಕಾಳು ಹರಡಿ, ಅಂಚಿಗೆ ಕಲ್ಲು ಇಟ್ಟು ಒಣಗಿಸುತ್ತಾರೆ. ರಾಶಿ ಕಣ್ಣಿಗೆ ಬೀಳುತ್ತದೆ, ಅಪಾಯ ಇರುವುದು ರಾಶಿಯಿಂದ ಹತ್ತಾರು ಅಡಿ ಆಚೆಯವರೆಗೆ ಚೆದುರಿದ ಬಿಡಿ ಕಾಳಿನಲ್ಲಿ. ಡಾಂಬರಿನ ಮೇಲೆ ಗಟ್ಟಿ ಕಾಳು ಟಯರಿನ ಕೆಳಗೆ ಗೋಲಿಯಂತೆ ಉರುಳುತ್ತದೆ. ಅಲ್ಲಿ ಮುಂದಿನ ಬ್ರೇಕ್ ಮುಟ್ಟಿದರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋದಂತೆಯೇ. ಗಾಡಿಯನ್ನು ನೆಟ್ಟಗೆ ಇಟ್ಟು, ಬ್ರೇಕಿಗೂ ಆಕ್ಸಿಲರೇಟರಿಗೂ ಕೈ ಹಾಕದೆ, ಇಂಜಿನ್ ಹಿಡಿತದಲ್ಲೇ ದಾಟಬೇಕು. ನಿನ್ನ ಡ್ಯೂಕಿಗೆ ಎಬಿಎಸ್ ಇದೆ ಎನ್ನುತ್ತೀಯ. ಇರಲಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯ, ಒಳ್ಳೆಯದೇ ಆಯಿತು. ಚಕ್ರ ಕಚ್ಚಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಹಿಡಿತವೇ ಇಲ್ಲದ ಕಡೆ ಹಿಡಿತ ಹುಟ್ಟಿಸಲು ಅದಕ್ಕೂ ಆಗುವುದಿಲ್ಲ.

ಇನ್ನು ಗಾಳಿ. ಆಷಾಢದಲ್ಲಿ ಭರಮಸಾಗರ ದಾಟಿ ಚಿತ್ರದುರ್ಗದ ಕಡೆ ಹೊರಟರೆ ಬಲಗಡೆಯಿಂದ ಬೀಸುವ ಗಾಳಿ ನೆನಪಿದೆಯೇ? ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆ ಬಯಲಿನಲ್ಲಿ ಆರ್‌ಎಕ್ಸ್ ಅರ್ಧ ರಸ್ತೆ ಜರುಗುತ್ತಿತ್ತು. ಬುಲೆಟ್ಟೂ ಜರುಗುತ್ತದೆ, ಸ್ವಲ್ಪ ಸಾವಕಾಶವಾಗಿ. ಆಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುವುದು ಎಲ್ಲರ ಸಹಜ ಪ್ರವೃತ್ತಿ, ಆದರೆ ಅದರಿಂದ ಓಲಾಟ ಹೆಚ್ಚುತ್ತದೆ. ಮಂಡಿಯಿಂದ ಟ್ಯಾಂಕನ್ನು ಅವುಚಿ, ಮೊಣಕೈ ಸಡಿಲ ಬಿಟ್ಟು, ಗಾಳಿ ಬರುವ ಬಲಗಡೆಯ ಹ್ಯಾಂಡಲನ್ನು ಮುಂದಕ್ಕೆ ಮೆತ್ತಗೆ ಒತ್ತಿದರೆ ಗಾಡಿ ಗಾಳಿಯತ್ತ ವಾಲಿ ನೇರ ಹೋಗುತ್ತದೆ. ಕಷ್ಟ ಇರುವುದು ಲಾರಿ ನಮ್ಮನ್ನು ದಾಟುವಾಗ. ಅದರ ಮರೆಯಲ್ಲಿ ಗಾಳಿ ತಟ್ಟನೆ ನಿಲ್ಲುತ್ತದೆ, ಬಲಕ್ಕೆ ವಾಲಿದ ಗಾಡಿ ಲಾರಿಯ ಕಡೆಗೇ ಸರಿಯುತ್ತದೆ. ಲಾರಿ ಮುಂದೆ ಹೋದೊಡನೆ ಮತ್ತೆ ರಪ್ಪೆಂದು ಬಡಿತ. ಕನ್ನಡಿಯಲ್ಲಿ ಲಾರಿ ಕಂಡ ಕೂಡಲೇ ನಾನು ಎಡದ ಅಂಚಿಗೆ ಸರಿದು ಜಾಗ ಇಟ್ಟುಕೊಳ್ಳುತ್ತೇನೆ. ಕೊನೆಯ ಗಳಿಗೆಯಲ್ಲಿ ಎಲ್ಲವನ್ನೂ ಮಾಡುವ ನಿನ್ನಂಥವರಿಗೆ ಇಲ್ಲಿ ಆ ಗಳಿಗೆ ಸಿಗುವುದೇ ಇಲ್ಲ.

ಹಾಗೆಂದು ಬುಲೆಟ್ಟೇ ಶ್ರೇಷ್ಠ ಎಂದು ಕೊಂಬು ಊದುತ್ತಿಲ್ಲ. ಇಲ್ಲಿ ಒಬ್ಬ ಹುಡುಗನ ಹಳೆಯ 373 ಸಿಸಿ ಡ್ಯೂಕ್ ಓಡಿಸಿ ನೋಡಿದೆ. ಬ್ರೇಕ್ ಅದ್ಭುತ. ತಿರುವಿನಲ್ಲಿ ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ. ಆದರೆ ಮೇಲಿನ ಗೇರಿನಲ್ಲಿ ಸಾವಕಾಶ ಹೋಗೋಣವೆಂದರೆ ಇಂಜಿನ್ ಜಗ್ಗಾಡಿ ಗೇರ್ ಇಳಿಸೆಂದು ಗೋಗರೆಯುತ್ತದೆ. ಹೊಳಲ್ಕೆರೆ ಕಡೆಯ ಹಳ್ಳಿ ರಸ್ತೆಗಳಲ್ಲಿ ಸೊಂಟಕ್ಕೆ ಪ್ರತಿ ಗುಂಡಿಯ ವರದಿಯೂ ಬರುತ್ತದೆ. ಅದು ನಿನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಗಾಡಿ, ನೀನು ಬೇರೆ ಯಾವುದನ್ನೂ ಕೊಳ್ಳಬಾರದಿತ್ತು.

ಯೆಜ್ಡಿಯ ವಿಷಯ ಎತ್ತಿದರೆ ಈ ಪತ್ರ ಮುಗಿಯುವುದಿಲ್ಲ. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿರುವ ಆ ಮೈಸೂರಿನ ಗಾಡಿಯ ಬಗ್ಗೆ ನಮ್ಮ ಗುಂಪಿನಲ್ಲಿ ಯಾರೂ ಎರಡು ಮಾತಾಡುವುದಿಲ್ಲ. 1996ರಲ್ಲಿ ಅದನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿತು, ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ ಅದೇ ವರ್ಷ. ಟೂ ಸ್ಟ್ರೋಕಿನವರೆಲ್ಲ ಸೇರಿ ಆ ವರ್ಷಕ್ಕೊಂದು ತಿಥಿ ಮಾಡಬಹುದು.

ನಿಜವಾದ ಸವಾರ ಎಂದರೆ ನಮ್ಮ ಮೇಷ್ಟ್ರು. ಇವತ್ತಿಗೂ ಅದೇ 97 ಸಿಸಿಯ ಸ್ಪ್ಲೆಂಡರ್. ಹಿಂದಿನ ಸೀಟಿನಲ್ಲಿ ಮನೆಯವರು, ಹ್ಯಾಂಡಲಿಗೆ ಸಂತೆ ಚೀಲ, ವೇಗ ಐವತ್ತು. ಮಳೆ, ಗಾಳಿ, ಜೋಳ ಯಾವುದಕ್ಕೂ ಆ ಐವತ್ತು ಬದಲಾಗುವುದಿಲ್ಲ. ಹಾರ್ನ್ ಹೊಡೆದದ್ದನ್ನು ನಾನು ಕೇಳಿಲ್ಲ. ನಾವಿಬ್ಬರೂ ಎದೆ ತಟ್ಟಿಕೊಂಡು ವಾದ ಮಾಡುವಾಗ ಅವರು ಕೇಳುವುದು ಒಂದೇ ಪ್ರಶ್ನೆ: ‘ಲೀಟರಿಗೆ ಎಷ್ಟು ಕೊಡುತ್ತದಪ್ಪಾ?’ ಅಲ್ಲಿಗೆ ಇಬ್ಬರ ಬಾಯಿಯೂ ಬಂದ್.

ದೀಪಾವಳಿಗೆ ಡ್ಯೂಕಿನಲ್ಲೇ ಬಾ. ಪುಣೆಯಿಂದ ಊರಿನವರೆಗೂ 48ನೇ ಹೆದ್ದಾರಿ, ದಾರಿ ಕೇಳುವ ಕೆಲಸವೇ ಇಲ್ಲ. ಹೊರಡುವ ಮುನ್ನ ಚೈನ್ ಬಿಗಿ ಮಾಡಿಸಿ ಎಣ್ಣೆ ಹಾಕಿಸು. ಇಲ್ಲಿಂದ ಬೆಳಿಗ್ಗೆ ಬೇಗ ಹೊರಟು, ದುರ್ಗ, ಹಿರಿಯೂರು ದಾಟಿ ವಾಣಿವಿಲಾಸ ಸಾಗರ ಅಣೆಕಟ್ಟಿಗೆ ಹೋಗಿಬರೋಣ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಅದು ಕೋಡಿ ಬಿದ್ದಾಗ ಇಡೀ ಜಿಲ್ಲೆ ಹೋಗಿ ನೋಡಿತು, ನೀನೊಬ್ಬ ತಪ್ಪಿಸಿಕೊಂಡೆ. ಬೆಣ್ಣೆ ದೋಸೆ ತಿಂದು ಹೊರಟರೆ ನಿನಗೆ ಅನಗೋಡಿನಲ್ಲೇ ನಿದ್ದೆ ಬರುತ್ತದೆ, ಆದ್ದರಿಂದ ಅದು ವಾಪಸು ಬಂದ ಮೇಲೆ.

ಭರಮಸಾಗರದಲ್ಲಿ ಗಾಡಿ ಬದಲಾಯಿಸಿಕೊಳ್ಳೋಣ. ಆದರೆ ನನ್ನದರಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಮೊದಲ ಗೇರ್ ಮೇಲಕ್ಕೆ, ಉಳಿದವು ಕೆಳಕ್ಕೆ. ಗಾಬರಿಯಲ್ಲಿ ಬ್ರೇಕ್ ಎಂದುಕೊಂಡು ಬಲಗಾಲು ಒತ್ತಿದರೆ ಗಾಡಿ ನಿಲ್ಲುವ ಬದಲು ಮೇಲಿನ ಗೇರಿಗೆ ಹೋಗುತ್ತದೆ. ಹಿಂದಿನ ದಿನವೇ ಬಂದು ನಮ್ಮ ಓಣಿಯಲ್ಲಿ ಕಾಲಿಗೆ ರೂಢಿ ಮಾಡಿಕೋ. ಹೆದ್ದಾರಿಗೆ ಬಿಡುವುದು ಆಮೇಲೆ.

ಇಂತಿ ನಿನ್ನ,
ಅಜ್ಜನ ಡ್ರೈವಿಂಗಿನವನು