ಶನಿವಾರ ಮಕ್ಕಳ ಗ್ರಾಮಸಭೆ: ತಾಂಡಾದ ಮಕ್ಕಳನ್ನು ಕರೆತರೋಣ

ಎಲ್ಲರಿಗೂ ನಮಸ್ಕಾರ.

ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಬರುವ ಶನಿವಾರ ಬೆಳಿಗ್ಗೆ 10.30ಕ್ಕೆ, ಸರ್ಕಾರಿ ಶಾಲೆಯ ಆವರಣದಲ್ಲಿ. ಅಧ್ಯಕ್ಷರು, ಪಿಡಿಒ ಇಬ್ಬರೂ ಬರುತ್ತಾರೆ.

ಈ ಸಲ ತಾಂಡಾದ ಮಕ್ಕಳು ಬರಲೇಬೇಕು. ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳು ಈಗ ಗಂಟುಮೂಟೆ ಕಟ್ಟುತ್ತಿವೆ. ಮಕ್ಕಳೂ ಜೊತೆಗೆ ಹೋದರೆ ಓದು ಅಲ್ಲಿಗೇ ನಿಲ್ಲುತ್ತದೆ. ವಾಪಸ್ ಬರುವಷ್ಟರಲ್ಲಿ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ತರಗತಿಯಲ್ಲಿ ಕೂರಲು ನಾಚಿಕೆ, ಆಮೇಲೆ ಶಾಲೆಯೇ ಬೇಡ ಅನ್ನುತ್ತಾರೆ. ಹೆಣ್ಣುಮಕ್ಕಳಿದ್ದರೆ ಮನೆಯಲ್ಲಿ ಮುಂದಿನ ಮಾತು ಮದುವೆಯದೇ, ಅಲ್ವಾ?

ಸ್ವಯಂಸೇವಕರು ಗುರುವಾರದೊಳಗೆ ಮನೆಮನೆಗೆ ಹೋಗಿ. ಯಾವ ಮನೆಯವರು ಹೊರಟಿದ್ದಾರೆ, 6ರಿಂದ 14 ವರ್ಷದ ಮಕ್ಕಳು ಯಾರಿದ್ದಾರೆ, ಅಜ್ಜಿ-ತಾತನ ಜೊತೆ ಉಳಿಯಬಹುದಾ ಎಂದು ಕೇಳಿ ಬರೆದುಕೊಳ್ಳಿ. ಪಟ್ಟಿಯನ್ನು ಮುಖ್ಯ ಶಿಕ್ಷಕರ ಕೈಗೇ ಕೊಡಿ. ಮಕ್ಕಳ ಹೆಸರು, ಫೋಟೊ ಈ ಗುಂಪಿನಲ್ಲಿ ದಯವಿಟ್ಟು ಹಾಕಬೇಡಿ.

ಸಭೆಯಲ್ಲಿ ಮಕ್ಕಳೇ ಮಾತಾಡಲಿ. ನಾವು ಬರೆದುಕೊಟ್ಟು ಸುಮ್ನೆ ಓದಿಸುವುದು ಬೇಡ. ಅವರು ಹೇಳಿದ್ದು ನಡಾವಳಿ ಪುಸ್ತಕಕ್ಕೆ ಹತ್ತುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಇಲ್ಲದಿದ್ದರೆ ನಾಳೆ ಕೇಳಲು ಆಧಾರವೇ ಇರುವುದಿಲ್ಲ.

ಇನ್ನೊಂದು ಮಾತು. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಗೊತ್ತಾಗಿದ್ದು ತಿಳಿದರೆ ಶನಿವಾರದವರೆಗೆ ಕಾಯಬೇಡಿ. ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಉಚಿತ, ರಾತ್ರಿಯೂ ತೆಗೆಯುತ್ತಾರೆ.

ಯಾರು ಯಾವ ಓಣಿಗೆ ಹೋಗುತ್ತೀರಿ, ಇವತ್ತು ರಾತ್ರಿಯೊಳಗೆ ಇಲ್ಲೇ ತಿಳಿಸಿ. ಲಂಬಾಣಿ ಮಾತು ಬರುವವರು ಇಬ್ಬರಾದರೂ ಬೇಕು.