ಸ್ಪ್ಲೀನ್ ಇಲ್ಲದ ಮೊದಲ ವರ್ಷ

ಇವತ್ತಿಗೆ ಸರಿಯಾಗಿ ಒಂದು ವರ್ಷ. ತೀರ್ಥಹಳ್ಳಿ ಹತ್ತಿರ ಮಳೆಯಲ್ಲಿ ಬೈಕ್ ಜಾರಿತು. ಹ್ಯಾಂಡಲ್ ಎಡಪಕ್ಕೆಗೆ ಗುದ್ದಿತು. ಹೊರಗೆ ಒಂದು ತೊಟ್ಟು ರಕ್ತ ಇಲ್ಲ. "ಏನೂ ಆಗಿಲ್ಲ, ಸುಮ್ನೆ ತರಚಿದೆ" ಅಂತ ಎದ್ದು ನಿಂತೆ. ಆದರೂ ಬಿಡದೆ, ಅಡಿಕೆ ಮೂಟೆಗಳ ಪಕ್ಕ ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದ ಪಿಕಪ್ ಅಣ್ಣಾ, ಮೊದಲ ನಮಸ್ಕಾರ ನಿಮಗೆ. ನಿಮ್ಮ ಹೆಸರನ್ನೂ ಕೇಳಿಕೊಳ್ಳಲಿಲ್ಲ ನಾನು.

ಆಮೇಲೆ ಆ ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮನಿಗೆ. ಪಕ್ಕೆಗಿಂತ ಎಡ ಭುಜವೇ ಜಾಸ್ತಿ ನೋಯುತ್ತಿದೆ ಅಂದೆ. ಭುಜಕ್ಕೆ ಏಟೇ ಬಿದ್ದಿರಲಿಲ್ಲ. ಅವರ ಮುಖ ಬದಲಾಯಿತು. ಭುಜ ಬಿಟ್ಟು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಸ್ಪ್ಲೀನ್, ಅಂದರೆ ಎಡಪಕ್ಕೆಯ ಒಳಗಿರುವ ಗುಲ್ಮ, ಒಡೆದು ಒಳಗೆ ರಕ್ತ ತುಂಬುತ್ತಿತ್ತು. ಆ ರಕ್ತ ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ. ಬಿಪಿ ಇಳಿಯುತ್ತಲೇ ಇತ್ತು. ಸ್ಪ್ಲೀನ್ ಉಳಿಸಿಕೊಳ್ಳುವ ಹಾಗಿರಲಿಲ್ಲ, ತೆಗೆದರು. ನಡುರಾತ್ರಿ ಬಂದು ರಕ್ತ ಕೊಟ್ಟ ನಾಲ್ವರು ಹುಡುಗರೇ, ನಿಮ್ಮ ಋಣ ದೊಡ್ಡದು.

ಅಸಲು ಗಾಬರಿ ಆಮೇಲಿತ್ತು. ಹನ್ನೆರಡನೇ ದಿನದ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, 9.4 ಲಕ್ಷ! ಇರಬೇಕಾದ್ದು 1.5ರಿಂದ 4.5 ಲಕ್ಷ. ನಮ್ಮ ಕಡೆ ಪ್ಲೇಟ್‌ಲೆಟ್ ಅಂದರೆ ಡೆಂಗಿ, ಡೆಂಗಿ ಅಂದರೆ ಇಳಿಯೋದು. ಏರೋದನ್ನು ಯಾರು ಕೇಳಿದ್ದಾರೆ? "ಪ್ಲೇಟ್‌ಲೆಟ್ ಸರಿಯಿಲ್ಲವಂತೆ" ಅಂದದ್ದಷ್ಟೇ ಕಿವಿಗೆ ಬಿದ್ದು, ಅತ್ತಿಗೆ ಅದು ಏರಲಿ ಅಂತ ಸ್ಟೀಲ್ ಲೋಟದ ತುಂಬ ಪಪ್ಪಾಯಿ ಎಲೆ ರಸ ಹಿಂಡಿ ತಂದಿದ್ದರು. ಸರ್ಜನ್ ಆ ಲೋಟ ನೋಡಿ ನಕ್ಕುಬಿಟ್ಟರು.

ನಗು ಮುಗಿಸಿ, ಮಂಚದ ಅಂಚಿನಲ್ಲಿ ಕೂತು ಬಿಡಿಸಿ ಹೇಳಿದರು. ಮೈಯಲ್ಲಿರುವ ಪ್ಲೇಟ್‌ಲೆಟ್‌ಗಳಲ್ಲಿ ಮೂರನೇ ಒಂದು ಪಾಲು ಸ್ಪ್ಲೀನ್‌ನಲ್ಲೇ ತಂಗಿರುತ್ತದೆ. ಹಳೆಯದಾದವನ್ನು ಸೋಸಿ ತೆಗೆಯುವುದೂ ಅಲ್ಲಿ. ಆ ಜಾಗವೇ ಇಲ್ಲದಾಗ ಎಲ್ಲವೂ ರಕ್ತದಲ್ಲೇ ಓಡಾಡುತ್ತವೆ. ಮೇಲಿಂದ ಗಾಯ, ಆಪರೇಷನ್ ಅಂತ ಮೂಳೆಯ ಮಜ್ಜೆಯೂ ಒಂದಷ್ಟು ಜಾಸ್ತಿ ತಯಾರಿಸುತ್ತದೆ. ಒಂದೆರಡು ವಾರ ಏರಿ ನಿಧಾನಕ್ಕೆ ಇಳಿಯುತ್ತದೆ, ಅಲ್ಲಿಯವರೆಗೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಬೇಕು ಅಂದರು. ನನಗೆ ಆಸ್ಪಿರಿನ್ ಸಣ್ಣ ಮಾತ್ರೆ ಬರೆದರು. ಎಲ್ಲರಿಗೂ ಬೇಕಾಗಲ್ಲವಂತೆ. ದಿನಾ ಕೈಹಿಡಿದು ಕಾರಿಡಾರಿನಲ್ಲಿ ನಡೆಸಿದ ಸಿಸ್ಟರ್, ಅವತ್ತು ನಿಮ್ಮನ್ನು ಬೈದುಕೊಂಡಿದ್ದೆ, ಕ್ಷಮಿಸಿ.

ಹದಿನಾಲ್ಕನೇ ದಿನ ನ್ಯುಮೊಕಾಕಲ್, ಮೆನಿಂಜೊಕಾಕಲ್, ಹಿಬ್ ಲಸಿಕೆ ಹಾಕಿದರು. ಸ್ಪ್ಲೀನ್ ಇಲ್ಲದವರಿಗೆ ಕೆಲವು ಸೋಂಕು ಗಂಟೆಗಳಲ್ಲೇ ಕೈಮೀರಬಹುದು. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಹಾಗಾಗಿ ನನ್ನ ಹೆಂಡತಿ ಈಗಲೂ ರಾತ್ರಿ ಎದ್ದು ಹಣೆ ಮುಟ್ಟಿ ನೋಡುತ್ತಾಳೆ. ನನಗೆ ಎಚ್ಚರ ಇರುತ್ತದೆ, ಹೇಳುವುದಿಲ್ಲ.

ಮೂರನೇ ತಿಂಗಳಿಗೆ ಪ್ಲೇಟ್‌ಲೆಟ್ ಲೆಕ್ಕ 4.3 ಲಕ್ಷಕ್ಕೆ ಇಳಿದಿತ್ತು. ಅತ್ತಿಗೆ, ನಿಮ್ಮ ಹಿತ್ತಲ ಪಪ್ಪಾಯಿ ಈ ಸಲ ಹಣ್ಣಾದರೆ ಕಳಿಸಿ. ಎಲೆ ಬೇಡ.